ತುಂಗಭದ್ರೆ ದಾಟಿದ ರೂಪಾಯಿ

1860ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. 1857ರ ದಂಗೆಯಲ್ಲಿ ಬರಿದಾದ ಖಜಾನೆ ತುಂಬಿಸಲು ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ ಬ್ರಿಟಿಷ್ ಇಂಡಿಯಾಕ್ಕೆ ಮೊದಲ ಆದಾಯ ತೆರಿಗೆ ತಂದರು. ವರ್ಷಕ್ಕೆ 200 ರೂಪಾಯಿ ಗಳಿಸುವವರಿಗೆ ನೂರಕ್ಕೆ 2, ಗಳಿಕೆ 500 ಮುಟ್ಟಿದರೆ ನೂರಕ್ಕೆ 4. ಸೈನ್ಯದ ಖರ್ಚಿನ ಬಾಕಿಗೆಂದು 1853ರಲ್ಲಿ ಹೈದರಾಬಾದಿನ ನಿಜಾಮನಿಂದ ಬರೆಸಿಕೊಂಡಿದ್ದ, ಕೃಷ್ಣೆ–ತುಂಗಭದ್ರೆಗಳ ನಡುವಿನ ರಾಯಚೂರು ದೋಆಬನ್ನು ಬ್ರಿಟಿಷರು ಹಿಂದಿರುಗಿಸಿದ್ದೂ ಅದೇ ವರ್ಷ. ದಂಗೆಯಲ್ಲಿ ನಿಜಾಮ ತಮ್ಮ ಕಡೆ ನಿಂತದ್ದಕ್ಕೆ ಅದು ಉಡುಗೊರೆ.

ಹೀಗೆ ಆದಾಯ ತೆರಿಗೆ ಹುಟ್ಟಿದ ವರ್ಷವೇ ರಾಯಚೂರು, ಮಾನ್ವಿ, ದೇವದುರ್ಗ, ಗುಂಜಹಳ್ಳಿಯ ಸೀಮೆಯೆಲ್ಲ ಅದರ ಕೈಯಿಂದ ಜಾರಿತು. ವಿಲ್ಸನ್ ತೆರಿಗೆ 1865ರಲ್ಲಿ ನಿಂತು, 1886ರಲ್ಲಿ ಗಟ್ಟಿಯಾಗಿ ಮರಳಿತು. ಹೈದರಾಬಾದ್ ಸಂಸ್ಥಾನ ಮಾತ್ರ ತನ್ನದೇ ಆದಾಯ ತೆರಿಗೆ ಕಾಯಿದೆ ಮಾಡಿದ್ದು 1357 ಫಸಲಿಯಲ್ಲಿ, ಅಂದರೆ 1947–48ರಲ್ಲಿ. ಮೈಸೂರು ಸಂಸ್ಥಾನಕ್ಕೆ 1923ರ ತನ್ನದೇ ಕಾಯಿದೆಯಿತ್ತು. ಬಳ್ಳಾರಿ, ಧಾರವಾಡ, ವಿಜಾಪುರ, ಮಂಗಳೂರು, ಮಡಿಕೇರಿಗಳು ಬ್ರಿಟಿಷ್ ಕಾಯಿದೆಗೆ ಸೇರಿದ್ದವು. ಹೊರದೇಶದಲ್ಲಿ ದುಡಿದು ತಾಯ್ನೆಲಕ್ಕೆ ಲೆಕ್ಕ ಒಪ್ಪಿಸುವ ಗೋಜಲು ಕನ್ನಡಿಗರಿಗೆ ವಿಮಾನದ ಜೊತೆ ಬಂದದ್ದು ಎಂದು ತಿಳಿಯುವವರು ದೋಆಬಿನ ಈ ಕಾಲವನ್ನು ನೋಡಬೇಕು. ಇಲ್ಲಿ ಹೊರದೇಶ ಅನ್ನುವುದು ಹೊಳೆಯಾಚೆಗೇ ಇತ್ತು.

ತುಂಗಭದ್ರೆಯ ದಕ್ಷಿಣ ದಡದ ಮಂತ್ರಾಲಯ, ಆದವಾನಿ ಎಲ್ಲ ಮದ್ರಾಸ್ ಪ್ರಾಂತ್ಯ. ಉತ್ತರ ದಡ ನಿಜಾಮನದು. 1871ರಲ್ಲಿ ಬೊಂಬಾಯಿಯಿಂದ ಬಂದ ಹಳಿ ಮದ್ರಾಸಿನ ಹಳಿಯನ್ನು ರಾಯಚೂರಿನಲ್ಲೇ ಕೂಡಿತು. ಆಮೇಲೆ ಹತ್ತಿ, ಶೇಂಗಾ ವ್ಯಾಪಾರ ಬೆಳೆದು, ವ್ಯಾಪಾರಿಗಳು ಎರಡೂ ದಡದಲ್ಲಿ ಅಂಗಡಿ ಇಟ್ಟರು. ಗಡಿಯಲ್ಲಿ ಕರೋಡಗಿರಿಯವರು ಸರಕಿನ ಮೇಲೆ ಸುಂಕ ಎತ್ತುತ್ತಿದ್ದರು. ನಿಜಾಮನ ಕಡೆ ಜನರ ಗಳಿಕೆಯನ್ನು ಆಗ ಯಾರೂ ಕೇಳುತ್ತಿರಲಿಲ್ಲ.

ದುಡ್ಡೂ ಬೇರೆ. ನಿಜಾಮನ ಹಾಲಿ ಸಿಕ್ಕಾ 7 ಕೊಟ್ಟರೆ ಬ್ರಿಟಿಷರ ಕಲ್ದಾರ 6. ನೂರು ಕಲ್ದಾರದ ಬಾಕಿಯನ್ನು ಹಾಲಿಯಲ್ಲಿ ತೀರಿಸಬೇಕಾದರೆ 116 ರೂಪಾಯಿ 10 ಆಣೆ 8 ಪೈ. ವರ್ಷಗಳೂ ಮೂರು: ಕೀರ್ದಿ ಖಾತೆಗೆ ದೀಪಾವಳಿ, ನಿಜಾಮನ ಕಚೇರಿಗೆ ಅಕ್ಟೋಬರಿನಲ್ಲಿ ಆಜೂರ್ ತಿಂಗಳಿನಿಂದ ಶುರುವಾಗುವ ಫಸಲಿ, ಬ್ರಿಟಿಷ್ ತೆರಿಗೆಗೆ ಏಪ್ರಿಲ್. ಆದವಾನಿಯಲ್ಲಿ ಮನೆ, ರಾಯಚೂರಿನಲ್ಲಿ ಅಡತಿ ಅಂಗಡಿ ಇದ್ದವರ ಗುಮಾಸ್ತ ಇದನ್ನೆಲ್ಲ ಒಂದೇ ತಲೆಯಲ್ಲಿ ಹೊರಬೇಕಿತ್ತು. ಆ ಜಾಣ್ಮೆ ಎಲ್ಲೂ ದಾಖಲಾಗದೆ ಹೋಯಿತು ಎಂಬುದು ಬೇಸರದ ಸಂಗತಿ.

1939ರ ತಿದ್ದುಪಡಿ ಗಂಟನ್ನು ಬಿಗಿ ಮಾಡಿತು. ವರ್ಷದಲ್ಲಿ 182 ದಿನ ಬ್ರಿಟಿಷ್ ಇಂಡಿಯಾದಲ್ಲಿ ಇದ್ದವರು ನಿವಾಸಿ, ಅಂಥವರು ಎಲ್ಲಿ ಗಳಿಸಿದರೂ ಲೆಕ್ಕ ಕೊಡಬೇಕು ಎಂದಿತು. ಸಂಸ್ಥಾನಗಳಲ್ಲಿ ಗಳಿಸುವವರಿಗೆಂದು 1940ರ ದಶಕದಲ್ಲಿ ಒಂದು ಬಿಡುವು ಸಿಕ್ಕಿತು: ಸಂಸ್ಥಾನದಲ್ಲಿ ಹುಟ್ಟಿದ ಆದಾಯ ಅಲ್ಲೇ ಉಳಿದರೆ ತೆರಿಗೆಯಿಲ್ಲ, ಬ್ರಿಟಿಷ್ ಇಂಡಿಯಾಕ್ಕೆ ತಂದರೆ ಉಂಟು. ರಾಯಚೂರಿನ ತಿಜೋರಿಯಲ್ಲಿರುವ ತನಕ ಲಾಭ ಸುರಕ್ಷಿತ. ಅದೇ ಹಣ ಹೊಳೆ ದಾಟಿ ಆದವಾನಿಯ ಮನೆ ಸೇರಿದರೆ ಆ ವರ್ಷದ ತೆರಿಗೆಗೆ ಬಿತ್ತು. ಹಣ ಎಲ್ಲಿ ಹುಟ್ಟಿತು, ಎಲ್ಲಿ ಕೈಸೇರಿತು ಎಂಬ ಎರಡು ಪ್ರಶ್ನೆ ಇಂದಿಗೂ ಅನಿವಾಸಿಗಳ ತೆರಿಗೆಯ ಬುಡ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1950ರ ಏಪ್ರಿಲ್ 1ರಿಂದ ಭಾರತದ ಆದಾಯ ತೆರಿಗೆ ಕಾಯಿದೆ ಅಲ್ಲಿಗೂ ಬಂತು. ಏಕಾಏಕಿ ಹೊರೆ ಬೀಳದಿರಲೆಂದು ಅಂಥ ರಾಜ್ಯಗಳಿಗೆ ಅದೇ ವರ್ಷ ರಿಯಾಯಿತಿ ಆದೇಶವೂ ಹೊರಟಿತು. ತೆರಿಗೆಯ ಮಟ್ಟಿಗೆ ತುಂಗಭದ್ರೆ ಗಡಿಯಾಗಿ ಉಳಿಯಲಿಲ್ಲ.

ಗಡಿ ಆಮೇಲೆ ಸಮುದ್ರದಾಚೆ ಸರಿಯಿತು. ಕೊಲ್ಲಿ ದೇಶಗಳಿಗೆ, ಅಮೆರಿಕಕ್ಕೆ ಹೋದವರ ಉಳಿತಾಯ ಸೆಳೆಯಲು 1970ರಲ್ಲಿ ಎನ್‌ಆರ್‌ಇ ಖಾತೆ ಬಂತು. ಅದರ ಬಡ್ಡಿಗೆ ಅನಿವಾಸಿಗಳು ತೆರಿಗೆ ಕೊಡಬೇಕಿಲ್ಲ. ಊರಿನ ಬಾಡಿಗೆ ಜಮಾ ಆಗುವ ಎನ್‌ಆರ್‌ಒ ಖಾತೆಯ ಬಡ್ಡಿಗೆ ಮಾತ್ರ ಬ್ಯಾಂಕು ನೂರಕ್ಕೆ 30ರಂತೆ ಮುರಿದುಕೊಳ್ಳುತ್ತದೆ, ಮೇಲೆ ಸೆಸ್. ಇನ್ನು ದುಬೈ ಇಂದು ಒಂದು ವಿಷಯದಲ್ಲಿ ನಿಜಾಮನ ರಾಯಚೂರನ್ನೇ ಹೋಲುತ್ತದೆ: ಸಂಬಳಕ್ಕೆ ಆದಾಯ ತೆರಿಗೆಯಿಲ್ಲ. 2020ರ ಬಜೆಟ್ಟಿನಲ್ಲಿ, ಬೇರೆಲ್ಲೂ ತೆರಿಗೆ ಕಟ್ಟದ ಭಾರತೀಯ ಪ್ರಜೆಯನ್ನು ನಿವಾಸಿಯೆಂದೇ ಎಣಿಸುವ ಪ್ರಸ್ತಾಪ ಬಂದಾಗ ಕೊಲ್ಲಿಯ ಕೂಲಿಕಾರರ ಮನೆಗಳಲ್ಲಿ ಆತಂಕ ಹುಟ್ಟಿದ್ದು ಸಹಜವೇ. ಪ್ರಾಮಾಣಿಕವಾಗಿ ದುಡಿಯುವವರ ಅಲ್ಲಿನ ಸಂಬಳಕ್ಕೆ ಕೈಹಾಕುವುದಿಲ್ಲ ಎಂದು ಸರ್ಕಾರ ಮರುದಿನವೇ ಹೇಳಬೇಕಾಯಿತು. ಕೊನೆಗೆ ಆ ನಿಯಮ ಭಾರತದ ಮೂಲದಿಂದ 15 ಲಕ್ಷ ರೂಪಾಯಿ ಮೀರಿ ಆದಾಯ ಇರುವವರಿಗಷ್ಟೇ ಸೀಮಿತವಾಯಿತು.

ರಿಟರ್ನ್ ಸಲ್ಲಿಸುವ ಕೆಲಸಕ್ಕೂ ಒಂದು ಇತಿಹಾಸ ಇದೆ, ಅದರ ಒಂದು ಅಧ್ಯಾಯ ಕರ್ನಾಟಕದ್ದೇ. 2009ರಲ್ಲಿ ಬೆಂಗಳೂರಿನಲ್ಲಿ ಆದಾಯ ತೆರಿಗೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಆರಂಭವಾಯಿತು. ಕಂಪ್ಯೂಟರಿನಲ್ಲಿ ರಿಟರ್ನ್ ತುಂಬಿದವರು ಐಟಿಆರ್-ವಿ ಎಂಬ ಒಂದು ಹಾಳೆ ಮುದ್ರಿಸಿ, ನೀಲಿ ಶಾಯಿಯಲ್ಲಿ ಸಹಿ ಹಾಕಿ, ಪೋಸ್ಟ್ ಬ್ಯಾಗ್ ನಂ. 1, ಎಲೆಕ್ಟ್ರಾನಿಕ್ ಸಿಟಿ ಎಂಬ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬೇಕಿತ್ತು. ಕೊರಿಯರ್ ನಡೆಯುತ್ತಿರಲಿಲ್ಲ. 120 ದಿನದೊಳಗೆ ಹಾಳೆ ಮುಟ್ಟದಿದ್ದರೆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದಾಗುವ ಭಯ. 2015ರಿಂದ ಆಧಾರ್ ಒಟಿಪಿ, ನೆಟ್‌ಬ್ಯಾಂಕಿಂಗ್ ಮೂಲಕ ದೃಢೀಕರಿಸುವ ಅನುಕೂಲ ಬಂತು. ಊರಿನ ಸಿಮ್ ಬಿಟ್ಟುಕೊಟ್ಟು ಹೋದವರಿಗೆ ಆ ಒಟಿಪಿಯೇ ಕೈಗೆಟುಕುವುದಿಲ್ಲ. ಇದನ್ನು ಇಲಾಖೆ ಇನ್ನೂ ಸಲೀಸು ಮಾಡಬೇಕು. 2022ರ ಆಗಸ್ಟಿನಿಂದ 120 ದಿನದ ಗಡುವು 30 ದಿನಕ್ಕೆ ಇಳಿದಿದೆ.

ದೋಆಬಿನ ಮನೆಗಳಿಗೆ ಹೆಚ್ಚು ತಟ್ಟುವುದು ಹೊಲದ ಲೆಕ್ಕ. ಅಪ್ಪನಿಂದ ಬಂದ ಹೊಲವನ್ನು ಅನಿವಾಸಿ ಮಗಳೋ ಮಗನೋ ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವಂತಿಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ. ಆದರೆ 1973ರಿಂದ ಅದನ್ನು ಉಳಿದ ಆದಾಯದ ಜೊತೆ ಕೂಡಿಸಿ ದರ ನಿಗದಿ ಮಾಡುತ್ತಾರೆ. ಮಾರಾಟಕ್ಕೆ ಬಂದಾಗ ಅಳತೆಯೇ ಬೇರೆ. 2011ರ ಜನಗಣತಿಯಲ್ಲಿ ರಾಯಚೂರು ನಗರ 2 ಲಕ್ಷ ದಾಟಿದೆ. ಒಂದರಿಂದ ಹತ್ತು ಲಕ್ಷದ ಊರಿಗೆ ನಿಯಮ ಹೇಳುವುದು ಎಲ್ಲೆಯಿಂದ ನೇರ ದಾರಿಯಲ್ಲಿ 6 ಕಿಲೋಮೀಟರ್. ಅದರೊಳಗಿನ ಹೊಲ ಮಾರಿದರೆ ಬಂಡವಾಳ ಲಾಭದ ತೆರಿಗೆ ಉಂಟು, ಆಚೆಯ ಹಳ್ಳಿಹೊಲಕ್ಕೆ ಇಲ್ಲ. ನಗರದ ಸೈಟಾದರೆ ಕೊಳ್ಳುವವರೇ ಅನಿವಾಸಿಯ ಪಾಲಿನ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಹೆಚ್ಚು ಮುರಿಯದಂತೆ ಮೊದಲೇ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು. ಪಡೆಯದಿದ್ದರೆ ಹೆಚ್ಚುವರಿ ಹಣ ಮರಳುವುದು ರಿಟರ್ನ್ ಸಲ್ಲಿಸಿದ ಮೇಲೆಯೇ, ಅದಕ್ಕೂ ಸರಳವಾದ ಐಟಿಆರ್-1 ನಮೂನೆ ಅನಿವಾಸಿಗಳಿಗೆ ಸಲ್ಲದು, ಐಟಿಆರ್-2 ತುಂಬಬೇಕು.