ತವರಲ್ಲಿ ಕೇಳಬೇಕಾದ ಮಾತು

ನಾನು ಕಡೂರು, ತರೀಕೆರೆ ಕಡೆಯ ಹಳ್ಳಿಗಳಲ್ಲಿ ಎಎನ್‌ಎಂ ಆಗಿ ಓಡಾಡುತ್ತಿದ್ದಾಗ ಅಜ್ಜಂಪುರ ಇನ್ನೂ ತರೀಕೆರೆ ತಾಲ್ಲೂಕಿಗೇ ಸೇರಿತ್ತು. ಹೆರಿಗೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲೇ. ನನ್ನ ಚೀಲದಲ್ಲಿ ಪಾದರಸದ ಬಿ.ಪಿ. ಯಂತ್ರ, ಗಾಜಿನ ನಳಿಗೆ, ಸ್ಪಿರಿಟ್ ದೀಪ. ಬಸುರಿಯ ಮೂತ್ರವನ್ನು ನಳಿಗೆಯಲ್ಲಿ ಕಾಯಿಸಿ, ಅಸಿಟಿಕ್ ಆಮ್ಲದ ಹನಿ ಬಿಟ್ಟ ಮೇಲೂ ಬಿಳಿ ಮೋಡ ಕರಗದಿದ್ದರೆ ಅಲ್ಬುಮಿನ್ ಇದೆ ಎಂದರ್ಥ. ಜೊತೆಗೆ ಬಿ.ಪಿ. 140/90 ದಾಟಿದರೆ ನಂಜು, ಆಸ್ಪತ್ರೆಗೆ ಹೊರಡಿಸಲೇಬೇಕು. ಹೊರಡಿಸುವುದೇ ಕಷ್ಟವಾಗಿತ್ತು. ಕಾಲು ಬಾತರೆ "ಬಸುರಿಗೆ ಇದೆಲ್ಲ ಇದ್ದದ್ದೇ" ಅನ್ನುತ್ತಿದ್ದರು. ಫಿಟ್ಸ್ ಬಂದರೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತಿದ್ದರು.

ಚೊಚ್ಚಲಿಗೆ ಹುಡುಗಿ ತವರಿಗೆ ಬರುವುದು ನಮ್ಮ ಕಡೆಯ ಪದ್ಧತಿ. ಈ ಕಾಯಿಲೆ ಹೆಚ್ಚಾಗಿ ಕಾಡುವುದೂ ಚೊಚ್ಚಲಲ್ಲೇ. ಅಜ್ಜಂಪುರದಾಚೆಯ ಒಂದು ಮನೆಯಲ್ಲಿ ನಾನು ತೋಳಿನ ಪಟ್ಟಿ ಬಿಚ್ಚುತ್ತಿದ್ದಾಗ ಹುಡುಗಿಯ ತಾಯಿ, "ಇವಳು ಹೊಟ್ಟೇಲಿದ್ದಾಗ ನಂಗೂ ಹಿಂಗೇ ಮೈ ಬಾತಿತ್ತು ಸಿಸ್ಟರಮ್ಮ, ನಮ್ಮಕ್ಕ ಫಿಟ್ಸ್ ಬಂದೇ ಹೋಗ್ಬಿಟ್ಲು" ಅಂದರು. ಅಂದಿನಿಂದ ಪ್ರತಿ ಮನೆಯಲ್ಲೂ ಇದನ್ನೇ ಮೊದಲು ಕೇಳತೊಡಗಿದೆ. ಸೋದರಮಾವನಿಗೇ ಕೊಟ್ಟ ಕಡೆ ಅಜ್ಜಿಯೇ ಅತ್ತೆ. ಎರಡೂ ಕಡೆಯ ಸಂಗತಿ ಒಬ್ಬರ ಬಾಯಲ್ಲೇ ಸಿಗುತ್ತಿತ್ತು.

ಅಮೆರಿಕದ ಲಿಯಾನ್ ಚೆಸ್ಲಿ ಮತ್ತು ಸಂಗಡಿಗರು ಫಿಟ್ಸ್‌ನಿಂದ ಬದುಕುಳಿದ ತಾಯಂದಿರ ಹೆಣ್ಣುಮಕ್ಕಳ ಬಸಿರುಗಳನ್ನು ಪರಿಶೀಲಿಸಿ, ಇದು ಮನೆತನದಲ್ಲಿ ಬರುತ್ತದೆಂದು 1968ರಲ್ಲೇ ತೋರಿಸಿದ್ದರು. ಗಂಡಸಿನ ಪಾಲು ತಿಳಿದದ್ದು ಆಮೇಲೆ. ಒಬ್ಬಳ ಬಸಿರಲ್ಲಿ ನಂಜಾಗಿದ್ದರೆ, ಅದೇ ಗಂಡಸಿನಿಂದ ಬಸಿರಾದ ಬೇರೊಬ್ಬ ಹೆಂಗಸಿಗೂ ಅಪಾಯ ಹೆಚ್ಚೆಂದು 1998ರಲ್ಲಿ ನಾರ್ವೆಯ ದಾಖಲೆಗಳು ಹೇಳಿದವು. 2017ರಲ್ಲಿ ಮಗುವಿನ ಎಫ್‌ಎಲ್‌ಟಿ1 ಜೀನಿನ ಹತ್ತಿರವೇ ಒಂದು ಸುಳಿವು ಸಿಕ್ಕಿತು. ಆ ಜೀನಿನಿಂದಾಗುವ ಒಂದು ಪ್ರೋಟೀನು ಮಾಸಿನಿಂದ ತಾಯಿಯ ರಕ್ತಕ್ಕೆ ವಿಪರೀತ ಸೇರಿದರೆ ರಕ್ತನಾಳಗಳು ಕೆಡುತ್ತವೆ. ಮಗುವಿನ ಜೀನುಗಳಲ್ಲಿ ಅರ್ಧ ಅಪ್ಪನವು. ಯಾವುದೋ ಒಂದೇ ಜೀನು ಇದಕ್ಕೆಲ್ಲ ಕಾರಣವಲ್ಲ ನಿಜ, ಆದರೆ ನಂಜಾದ ಸೊಸೆಯನ್ನು ಅಪಶಕುನವೆಂದು ಆಡಿಕೊಂಡದ್ದು ಘೋರ ಅನ್ಯಾಯ.

ಈಗ ತಾಯಿ ಕಾರ್ಡ್ ಇದೆ, ಆಶಾ ಕಾರ್ಯಕರ್ತೆ ಇದ್ದಾಳೆ, 2008ರಿಂದ 108 ಆಂಬುಲೆನ್ಸ್ ಇದೆ. ಮೆಗ್ನೀಸಿಯಂ ಸಲ್ಫೇಟ್ ಕೊಟ್ಟರೆ ಫಿಟ್ಸ್‌ನ ಅಪಾಯ ಅರ್ಧಕ್ಕಿಳಿಯುತ್ತದೆಂದು 2002ರಲ್ಲೇ ಸಾಬೀತಾಗಿದೆ. ಅಪಾಯ ಹೆಚ್ಚಿರುವವರಿಗೆ ವೈದ್ಯರು ಮೂರು ತಿಂಗಳು ತುಂಬುತ್ತಿದ್ದಂತೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರುಮಾಡುತ್ತಾರೆ. ಅದಕ್ಕೆ ಅವರಿಗೆ ವಿಷಯ ತಿಳಿದಿರಬೇಕು. ಅಮ್ಮಂದಿರೇ, ಅತ್ತೆಯರೇ, ನಿಮ್ಮ ಬಸಿರಲ್ಲಿ, ನಿಮ್ಮ ಅಕ್ಕತಂಗಿಯರ ಬಸಿರಲ್ಲಿ ಬಿ.ಪಿ. ಏರಿತ್ತೇ, ಫಿಟ್ಸ್ ಬಂದಿತ್ತೇ ಎಂಬುದನ್ನು ಮುಚ್ಚಿಡಬೇಡಿ. ಮೂರು ತಿಂಗಳು ತುಂಬುವುದರೊಳಗೆ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ.