ಬಾಂಬ್ ಇಟ್ಟು ಕಟ್ಟಡ ಉಡಾಯಿಸುತ್ತಾರೆಯೇ? 9 ಸೆಕೆಂಡಿನ ವಿಡಿಯೊ ಹಿಂದಿನ ಅಸಲಿ ಲೆಕ್ಕ

ನೊಯ್ಡಾದ ಅವಳಿ ಗೋಪುರಗಳು ನೆಲಕ್ಕುರುಳುವ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಜೊತೆಗೆ ‘3,700 ಕೆ.ಜಿ. ಬಾಂಬ್ ಇಟ್ಟು ಉಡಾಯಿಸಿದರು’ ಎಂಬಂಥ ಒಕ್ಕಣೆ. ಇದು ನಿಜವೇ?

ಅರ್ಧ ನಿಜ. ಸುಮಾರು 3,700 ಕೆ.ಜಿ. ಸ್ಫೋಟಕ ಬಳಸಿದ್ದು ಹೌದು. ಆದರೆ ಕಟ್ಟಡವನ್ನು ಕೆಡವಿದ್ದು ಮುಖ್ಯವಾಗಿ ಅದರದೇ ಭಾರ.

ಏನಾಗಿತ್ತು?

ನಿಯಮ ಮೀರಿ ಕಟ್ಟಿದ್ದ ಈ ಗೋಪುರಗಳನ್ನು ಕೆಡವಲು ಸುಪ್ರೀಂ ಕೋರ್ಟ್ 2021ರ ಆಗಸ್ಟ್ 31ರಂದು ಆದೇಶಿಸಿತು. ಸುಮಾರು 100 ಮೀಟರ್ ಎತ್ತರದ ಕಟ್ಟಡಗಳು ಉರುಳಿದ್ದು 2022ರ ಆಗಸ್ಟ್ 28ರಂದು. ಕುಸಿತಕ್ಕೆ ಹಿಡಿದದ್ದು ಸುಮಾರು 9 ಸೆಕೆಂಡು, ಆದೇಶದಿಂದ ಆ ದಿನದವರೆಗೆ ಹಿಡಿದದ್ದು ಹೆಚ್ಚುಕಡಿಮೆ ಒಂದು ವರ್ಷ!

ಸ್ಫೋಟಕದ ಕೆಲಸವೇನು?

ಕಟ್ಟಡವನ್ನು ಹೊತ್ತು ನಿಂತಿರುವುದು ಕಂಬಗಳು. ಆಯ್ದ ಮಹಡಿಗಳ ಕಂಬ, ಗೋಡೆಗಳಲ್ಲಿ 9,000ಕ್ಕೂ ಹೆಚ್ಚು ರಂಧ್ರ ಕೊರೆದು ಸ್ವಲ್ಪ ಸ್ವಲ್ಪವೇ ಸ್ಫೋಟಕ ತುಂಬಲಾಯಿತು. ಎಲ್ಲವೂ ಒಟ್ಟಿಗೆ ಸಿಡಿಯುವುದಿಲ್ಲ. ಒಂದರ ಹಿಂದೊಂದು, ಕಣ್ಣಿಗೆ ಕಾಣದಷ್ಟು ಅಲ್ಪ ಅಂತರದಲ್ಲಿ ಸಿಡಿಯುತ್ತವೆ. ಯಾವ ಕಂಬ ಮೊದಲು ಸೋಲುತ್ತದೋ ಕಟ್ಟಡ ಆ ಕಡೆಗೆ ವಾಲುತ್ತದೆ. ನೆಲದ ಕಂಪನವೂ ಹಿಡಿತದಲ್ಲಿರುತ್ತದೆ.

ಉಳಿದದ್ದು ಗುರುತ್ವಾಕರ್ಷಣೆಯ ಕೆಲಸ. ಅವಶೇಷವೇ ಸುಮಾರು 80,000 ಟನ್ ಎಂಬ ಅಂದಾಜಿತ್ತು. ಅಷ್ಟು ಭಾರ ಆ ಎತ್ತರದಿಂದ ಬಿದ್ದಾಗ ಹೊರಬರುವ ಶಕ್ತಿ, ಸ್ಥೂಲ ಲೆಕ್ಕದಲ್ಲಿ, ಸ್ಫೋಟಕದ ಶಕ್ತಿಯ ಎರಡು ಪಟ್ಟಿಗೂ ಹೆಚ್ಚು.

ಪಕ್ಕದ ಮನೆಗಳು ಉಳಿದದ್ದು ಹೇಗೆ?

ಹತ್ತಿರದ ವಸತಿ ಕಟ್ಟಡ ಇದ್ದದ್ದು ಸುಮಾರು 9 ಮೀಟರ್ ದೂರದಲ್ಲಿ. ಹಾಗಾಗಿ 2022ರ ಏಪ್ರಿಲ್‌ನಲ್ಲೇ ಪರೀಕ್ಷಾ ಸ್ಫೋಟ ನಡೆಸಿದರು. ಕಟ್ಟಡ ಅಂದಾಜಿಗಿಂತ ಗಟ್ಟಿ ಎಂದು ಗೊತ್ತಾಯಿತು. ಮೇ 22ಕ್ಕೆ ನಿಗದಿಯಾಗಿದ್ದ ಕೆಲಸ ಮುಂದಕ್ಕೆ ಹೋಯಿತು. ಚೂರುಗಳು ಹಾರದಂತೆ ಕಂಬಗಳಿಗೆ ತಂತಿ ಬಲೆ, ದಪ್ಪ ಬಟ್ಟೆ ಸುತ್ತಿದರು. ಸುಮಾರು 5,000 ನಿವಾಸಿಗಳನ್ನು ತೆರವುಗೊಳಿಸಿದರು. ಕೊನೆಗೆ ನೆರೆಯ ವಸತಿ ಸಂಕೀರ್ಣದ ಕಾಂಪೌಂಡ್ ಗೋಡೆ ಸುಮಾರು 10 ಮೀಟರ್‌ನಷ್ಟು ಹಾಳಾಯಿತು, ಕೆಲವು ಕಿಟಕಿ ಗಾಜು ಒಡೆದವು. ಜನರಿಗೆ ಪೆಟ್ಟಾಗಲಿಲ್ಲ.

ನಮ್ಮ ಬೀದಿಗೆ ಇದರ ಪಾಠವೇನು?

ಹಳೆ ಮನೆ ಕೆಡವಲು ಯಾರೂ ಸ್ಫೋಟಕ ತರುವುದಿಲ್ಲ. ಆದರೆ ಭಾರದ ಲೆಕ್ಕ ಅಲ್ಲೂ ಅದೇ. ಕೆಳಗಿನ ಗೋಡೆಯನ್ನು ಮೊದಲು ಒಡೆದರೆ ಮೇಲಿನದು ಕೆಲಸಗಾರರ ತಲೆ ಮೇಲೇ ಬೀಳುತ್ತದೆ. ಭಾರತೀಯ ಮಾನಕ ಐಎಸ್ 4130 ಹೇಳುವುದೂ ಅದನ್ನೇ: ಮೇಲಿನ ಮಹಡಿಯಿಂದ ಶುರುಮಾಡಿ ಒಂದೊಂದಾಗಿ ಕೆಳಗಿಳಿಯಬೇಕು.

ನಿಮ್ಮ ಪಕ್ಕದಲ್ಲಿ ಮನೆ ಕೆಡವುತ್ತಿದ್ದರೆ ಇಷ್ಟು ನೋಡಿ:

• ವಿದ್ಯುತ್, ಗ್ಯಾಸ್, ನೀರಿನ ಸಂಪರ್ಕ ಕಡಿತವಾಗಿದೆಯೇ?
• ಕೆಲಸ ಮೇಲಿನಿಂದ ಕೆಳಕ್ಕೆ ಸಾಗುತ್ತಿದೆಯೇ?
• ಒಡೆದ ಇಟ್ಟಿಗೆ, ಕಾಂಕ್ರೀಟನ್ನು ತಾರಸಿ ಮೇಲೆ ರಾಶಿ ಹಾಕಿದ್ದಾರೆಯೇ? ಆ ಭಾರಕ್ಕೇ ತಾರಸಿ ಕುಸಿಯಬಹುದು.
• ನಿಮ್ಮ ಮನೆಗೂ ಅದಕ್ಕೂ ಗೋಡೆ ಒಂದೇ ಆಗಿದ್ದರೆ ಆಸರೆ ಕೊಟ್ಟಿದ್ದಾರೆಯೇ?
• ಬೀದಿ ಕಡೆ ತಡೆ ಕಟ್ಟಿ, ಧೂಳಿಗೆ ನೀರು ಸಿಂಪಡಿಸುತ್ತಿದ್ದಾರೆಯೇ?

ಅನುಮಾನ ಬಂದರೆ ಮಕ್ಕಳನ್ನು ದೂರವಿಡಿ, ಕೆಲಸ ನಿಲ್ಲಿಸಲು ಹೇಳಿ, ಸ್ಥಳೀಯ ಆಡಳಿತಕ್ಕೆ ತಿಳಿಸಿ. ಆ ವಿಡಿಯೊ ಫಾರ್ವರ್ಡ್ ಮಾಡುವುದಾದರೆ ಈ ಪಟ್ಟಿಯನ್ನೂ ಜೊತೆಗೆ ಕಳಿಸಿ.