ಮಗ್ಗದಿಂದ ಗಲ್ಲೆಯವರೆಗೆ: ಮುಂಬಯಿಯಲ್ಲಿ ಕೆಲಸದ ವಿನ್ಯಾಸ ಮತ್ತು ದುಡಿಯುವವರ ಕ್ಷೇಮ ಕುರಿತ ಸಂಶೋಧನೆ

1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಶಿಯಲ್ ವರ್ಕ್ ಆರಂಭವಾಯಿತು. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ ಅದೇ. ಕಾರ್ಮಿಕ ಕ್ಷೇಮವನ್ನು ಓದುವುದು, ಕಲಿಸುವುದು, ಸಂಶೋಧಿಸುವುದು ಈ ನಗರದಲ್ಲಿ ಒಂದು ಜೀವನವೃತ್ತಿಯಾಗಿ ರೂಪುಗೊಂಡದ್ದು ಬಹುಮಟ್ಟಿಗೆ ಅಲ್ಲಿಂದ. ಆದರೆ ಆ ವಿದ್ವತ್ ಪರಂಪರೆ ದುಡಿಯುವವನ ಸುಖದುಃಖವನ್ನು ಹೆಚ್ಚಾಗಿ ಕೆಲಸದ ಆಚೀಚೆ ಹುಡುಕಿತು. ಯಾರು ಎಷ್ಟು ಯಂತ್ರ ನೋಡಿಕೊಳ್ಳಬೇಕು, ಕೆಲಸದ ವೇಗವನ್ನು ಯಾರು ಗೊತ್ತುಮಾಡಬೇಕು ಎಂಬ ಪ್ರಶ್ನೆಗಳನ್ನು ಮಾಲೀಕನಿಗೂ ಎಂಜಿನಿಯರನಿಗೂ ಬಿಟ್ಟುಕೊಟ್ಟಿತು ಎಂಬುದು ಈ ಲೇಖನದ ವಾದ.

ಆ ಪ್ರಶ್ನೆಗಳು ಅದಕ್ಕೂ ಮೊದಲೇ ಮುಂಬಯಿಯಲ್ಲಿ ಎದ್ದಿದ್ದವು. ಎತ್ತಿದವರು ಮಾತ್ರ ಪ್ರಾಧ್ಯಾಪಕರಾಗಿರಲಿಲ್ಲ. ಕಾರ್ಮಿಕ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರ ಸಭೆ ಸೇರಿಸಿ ಬರೆಸಿದ ಮನವಿಯಲ್ಲಿ ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆಯ ಬಿಡುವು, ಬೆಳಗಿನ ಆರೂವರೆಯಿಂದ ಸೂರ್ಯಾಸ್ತದವರೆಗಷ್ಟೇ ಕೆಲಸ ಎಂಬ ಬೇಡಿಕೆಗಳಿದ್ದವು. 1928ರ ಮಹಾಮುಷ್ಕರದ ಹೊತ್ತಿಗೆ ಜಗಳ ಮಗ್ಗದ ಬುಡಕ್ಕೇ ಬಂದಿತ್ತು. ಎರಡು ಮಗ್ಗ ನೋಡುತ್ತಿದ್ದ ನೇಯ್ಗೆಯವನಿಗೆ ಮೂರು ಮಗ್ಗ, ನೂಲುವ ಯಂತ್ರದ ಒಂದು ಬದಿ ನೋಡುತ್ತಿದ್ದವನಿಗೆ ಎರಡೂ ಬದಿ. ಇದಕ್ಕೆ ಮಾಲೀಕರಿಟ್ಟ ಹೆಸರು ದಕ್ಷತೆ. ಆರು ತಿಂಗಳು ಗಿರಣಿಗಳು ನಿಂತವು. ಸರ್ಕಾರ ನೇಮಿಸಿದ ಫಾಸೆಟ್ ಸಮಿತಿ ವಿಚಾರಣೆ ನಡೆಸಿ 1929ರಲ್ಲಿ ವರದಿ ಕೊಟ್ಟಿತು. ಕೂಲಿಯ ಜೊತೆಗೆ ಕೆಲಸದ ಹೊರೆಯನ್ನೂ ತೂಗಿನೋಡಿದ ಇಂಥ ವಿಚಾರಣೆಗಳನ್ನು ನಾವು ಬರೀ ಮುಷ್ಕರದ ಇತಿಹಾಸವೆಂದು ಓದುತ್ತ ಬಂದಿದ್ದೇವೆ. ಕೆಲಸದ ವಿನ್ಯಾಸದ ಅಧ್ಯಯನಕ್ಕೆ ಈ ನಗರದಲ್ಲಿ ಇವಕ್ಕಿಂತ ಮುಖ್ಯವಾದ ಮೂಲಸಾಮಗ್ರಿ ಇಲ್ಲವೆಂದೇ ನನ್ನ ಎಣಿಕೆ.

ಸ್ವಾತಂತ್ರ್ಯದ ನಂತರ ಕಾನೂನು ಇನ್ನೊಂದು ದಾರಿ ಹಿಡಿಯಿತು. 1948ರ ಕಾರ್ಖಾನೆ ಕಾಯಿದೆಯ 49ನೇ ಕಲಮು ಐನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕ್ಷೇಮಾಧಿಕಾರಿ ಇರಲೇಬೇಕೆಂದಿತು. 250ಕ್ಕಿಂತ ಹೆಚ್ಚು ಮಂದಿ ಇದ್ದಲ್ಲಿ ಕ್ಯಾಂಟೀನು ತೆರೆಸಲು ಸರ್ಕಾರಕ್ಕೆ ಅಧಿಕಾರ ಬಂತು. ಸಮಾಜಕಾರ್ಯ ಕಲಿತವರಿಗೆ ಉದ್ಯೋಗ ದೊರೆಯಿತು, ವಿಷಯಕ್ಕೆ ಪಠ್ಯಕ್ರಮ ದೊರೆಯಿತು. ಇದು ಸಣ್ಣ ಲಾಭವೇನಲ್ಲ. ನಿಂತೇ ದುಡಿಯುವವರಿಗೆ ಬಿಡುವಾದಾಗ ಕೂರಲು ಆಸನ ಕೊಡಬೇಕೆಂದ 44ನೇ ಕಲಮಂತೂ ಕೆಲಸದ ಜಾಗಕ್ಕೇ ಕೈಹಾಕಿದ ಅಪರೂಪದ ನಿಯಮವಾಗಿತ್ತು. ಆದರೂ ಕ್ಷೇಮಾಧಿಕಾರಿ ಕುಂದುಕೊರತೆ ಕೇಳಬಹುದಿತ್ತೇ ಹೊರತು, ಮೂರು ಮಗ್ಗವನ್ನು ಎರಡು ಮಾಡುವ ಅಧಿಕಾರ ಅವನ ಕೈಯಲ್ಲಿರಲಿಲ್ಲ.

ಬೇರೆ ಸಾಧ್ಯತೆಯೊಂದು ಹತ್ತಿರದಲ್ಲೇ ಕಾಣಿಸಿಕೊಂಡಿತ್ತು. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿಗೆ ಬಂದ. ಅಲ್ಲಿನ ಸ್ವಯಂಚಾಲಿತ ಮಗ್ಗಗಳ ವಿಭಾಗದಲ್ಲಿ 224 ಮಗ್ಗ, 29 ಕೆಲಸಗಾರರು. ಅವರ ನಡುವೆ 12 ಬಗೆಯ ಬಿಡಿಬಿಡಿ ಕೆಲಸ. ಯಾರಿಗೆ ಯಾರು ಜವಾಬ್ದಾರರೆಂಬುದೇ ಸ್ಪಷ್ಟವಿರಲಿಲ್ಲ. ನಿಗದಿತ ಮಗ್ಗಗಳ ಹೊಣೆಯನ್ನು ಒಂದೊಂದು ಗುಂಪಿಗೆ ಒಟ್ಟಾಗಿ ವಹಿಸಿದಾಗ ಉತ್ಪಾದನೆ ಏರಿತು, ಬಟ್ಟೆ ಹಾಳಾಗುವುದು ತಗ್ಗಿತು. ಯಂತ್ರ ಬದಲಾಗಿರಲಿಲ್ಲ, ಕೆಲಸದ ಹಂಚಿಕೆ ಬದಲಾಗಿತ್ತು. ಈ ಪ್ರಯೋಗದ ಬಗ್ಗೆ ರೈಸನ ಪುಸ್ತಕ 1958ರಲ್ಲಿ ಬಂತು. ವ್ಯವಸ್ಥಾಪನಾಶಾಸ್ತ್ರದ ಪಾಠಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಮುಂಬಯಿಯ ಕಂಪನಿ ಜಗತ್ತಿಗೆ ಸಂಶೋಧಕರು ನೇರವಾಗಿ ಕಾಲಿಟ್ಟದ್ದು ಎಪ್ಪತ್ತರ ದಶಕದಲ್ಲಿ. ಲಾರ್ಸನ್ ಅಂಡ್ ಟೂಬ್ರೊ ಕಂಪನಿ ವ್ಯವಸ್ಥಾಪನಾಶಾಸ್ತ್ರದ ವಿದ್ವಾಂಸರಾದ ಉದಯ್ ಪಾರೀಕ್ ಮತ್ತು ಟಿ. ವಿ. ರಾವ್ ಅವರನ್ನು ಕರೆಸಿತು. ಅವರ ಸಲಹೆಯಂತೆ 1975ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಮುಂದೆ ಪಾರೀಕ್ ರೂಪಿಸಿದ ಪಾತ್ರ-ಒತ್ತಡದ ಮಾಪನ ಹತ್ತು ಬಗೆಯ ಒತ್ತಡವನ್ನು ಗುರುತಿಸಿತು. ಪಾತ್ರದ ಅಸ್ಪಷ್ಟತೆ, ಹೊರೆ, ಒಂಟಿತನ, ಸಾಧನಗಳ ಕೊರತೆ ಅವುಗಳಲ್ಲಿ ಕೆಲವು. ನೌಕರನ ಸಂಕಟಕ್ಕೆ ಅವನ ಸ್ವಭಾವವೊಂದೇ ಕಾರಣವಲ್ಲ, ಅವನಿಗೆ ಕೊಟ್ಟ ಸ್ಥಾನದ ರಚನೆಯೂ ಕಾರಣ ಎಂದು ತೋರಿಸಿದ್ದು ಈ ಮಾಪನದ ಹೆಗ್ಗಳಿಕೆ. ಆದರೆ ಅದನ್ನು ಬಳಸಿದ ಬಹುಪಾಲು ಪ್ರಬಂಧಗಳು ಅಂಕ ಎಣಿಸಿ, ಯೋಗ, ಧ್ಯಾನ, ಆಪ್ತಸಮಾಲೋಚನೆಗಳ ಸಲಹೆ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಪ್ರಶ್ನಾವಳಿ ಹಂಚುವುದು ಸುಲಭ, ಕೆಲಸದ ಸರದಿಯ ಪಟ್ಟಿಯನ್ನೇ ಬದಲಿಸಿ ಎನ್ನುವುದು ಕಷ್ಟ.

ಕನ್ನಡ ಓದುಗರು ಇಲ್ಲಿ ಗಮನಿಸಬೇಕಾದ ವರ್ಷ 1979. ಹೊರೆ ಹೆಚ್ಚಿ ನಿರ್ಧಾರದ ಸ್ವಾತಂತ್ರ್ಯ ಕುಗ್ಗಿದಾಗ ಕೆಲಸ ಮನುಷ್ಯನನ್ನು ಹಣಿಯುತ್ತದೆ ಎಂಬ ರಾಬರ್ಟ್ ಕರಾಸೆಕ್‌ನ ಪ್ರಸಿದ್ಧ ಪ್ರಬಂಧ ಅಮೆರಿಕದಲ್ಲಿ ಪ್ರಕಟವಾದದ್ದು ಆ ವರ್ಷ. ಯಶವಂತ ಚಿತ್ತಾಲರ ಕಾದಂಬರಿ ‘ಶಿಕಾರಿ’ ಹೊರಬಂದದ್ದೂ ಅದೇ ವರ್ಷ. ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಅಧಿಕಾರಿ ನಾಗಪ್ಪನನ್ನು ಕೆಲಸದಿಂದ ತಡೆಹಿಡಿಯುತ್ತಾರೆ. ಆರೋಪವೇನೆಂಬುದೇ ಅವನಿಗೆ ಬಗೆಹರಿಯದು. ಸ್ವತಃ ಪಾಲಿಮರ್ ತಜ್ಞರಾಗಿ ಈ ನಗರದ ಉದ್ದಿಮೆಯಲ್ಲಿ ಬಾಳಿದ ಚಿತ್ತಾಲರು ಅಸ್ಪಷ್ಟತೆ ಎಂಬ ಒತ್ತಡವನ್ನು ಯಾವ ಮಾಪನಕ್ಕಿಂತಲೂ ಆಳವಾಗಿ ಬಗೆದಿದ್ದಾರೆ. ಕಾದಂಬರಿಯನ್ನು ದತ್ತಾಂಶವೆನ್ನುವುದು ತಪ್ಪಾದೀತು; ಯಾವ ಪ್ರಶ್ನೆ ಕೇಳಬೇಕೆಂದು ಅದು ಸಂಶೋಧಕನಿಗೆ ಹೇಳಿಕೊಡಬಲ್ಲದು.

ಕಂಪನಿಗಳ ಆಚೆ, ಊಟದ ಡಬ್ಬಾ ಹೊತ್ತು ತಲುಪಿಸುವ ಡಬ್ಬಾವಾಲಾಗಳ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಹಾರ್ವರ್ಡಿನ ಸ್ಟೆಫಾನ್ ಥಾಮ್ಕೆ ಅವರ ಅಧ್ಯಯನವೂ ಇದೆ. ಗುಂಪೇ ಕೆಲಸ ಹಂಚಿಕೊಳ್ಳುವ, ಗುಂಪಿನ ಮುಖ್ಯಸ್ಥನಾದ ಮುಕಾದಮನೂ ಡಬ್ಬಾ ಹೊರುವ ಆ ಕ್ರಮ ನಿಜಕ್ಕೂ ದೊಡ್ಡ ಪಾಠ. ಆದರೆ ಬರಹಗಳೆಲ್ಲ ಡಬ್ಬಾ ತಪ್ಪದೆ ತಲುಪುವುದನ್ನು ಕೊಂಡಾಡುತ್ತವೆ, ಹೊತ್ತವನ ಕುತ್ತಿಗೆ, ಮಂಡಿಗಳ ಮಾತು ಅವುಗಳಲ್ಲಿ ಕಡಿಮೆ.

ನಮ್ಮ ಕನ್ನಡಿಗರದೇ ಹೋಟೆಲು ಉದ್ಯಮದ ಮಾತಂತೂ ಇನ್ನೂ ಶುರುವಾಗಬೇಕಿದೆ. ಮಾಟುಂಗದಲ್ಲಿ 1942ರಲ್ಲಿ ತೆರೆದ ರಾಮ ನಾಯಕರ ಊಟದ ಮನೆಯಂಥವುಗಳ ಮಾಲೀಕರ ಸಾಹಸಗಾಥೆ ಬೇಕಾದಷ್ಟಿದೆ. ಕ್ಲೀನರ್ ಆಗಿ ಸೇರಿ, ಸಪ್ಲಾಯರ್ ಆಗಿ, ಗಲ್ಲೆಗೆ ಬಂದು ಕುಳಿತವರ ಕೆಲಸದ ಅಧ್ಯಯನ ವಿರಳ. ಅಂಥ ಹುಡುಗರಿಗೆ ಓದುವ ದಾರಿಯಿದ್ದದ್ದು ರಾತ್ರಿಶಾಲೆಯಲ್ಲಿ. ಮೊಗವೀರ ಸಮುದಾಯದ ಸಂಸ್ಥೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿ ತೆರೆದ ರಾತ್ರಿಶಾಲೆಯನ್ನೂ ಆಮೇಲಿನ ಕನ್ನಡ ರಾತ್ರಿಶಾಲೆಗಳನ್ನೂ ಶಿಕ್ಷಣ ಸೇವೆಯೆಂದಷ್ಟೇ ದಾಖಲಿಸಿದ್ದೇವೆ. ಹೋಟೆಲಿಗೆ ಗಿರಾಕಿ ನುಗ್ಗುವ ಸಂಜೆಯೇ ಶಾಲೆಯ ಹೊತ್ತು ಕೂಡ. ಹುಡುಗನನ್ನು ಶಾಲೆಗೆ ಬಿಡಬೇಕಾದರೆ ಯಜಮಾನ ಕೆಲಸದ ಸರದಿಯನ್ನೇ ಬದಲಿಸಬೇಕಿತ್ತು, ಜೊತೆಗಾರ ಅವನ ಟೇಬಲುಗಳನ್ನು ನೋಡಿಕೊಳ್ಳಬೇಕಿತ್ತು. ಅಹಮದಾಬಾದಿನಲ್ಲಿ ವಿದ್ವಾಂಸ ಬಂದು ಮಾಡಿಸಿದ ಮರುಹಂಚಿಕೆಗೆ ಇದು ಬಹಳ ದೂರದ್ದಲ್ಲ. ಆ ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಮುಂಬಯಿಯ ಕನ್ನಡ ಸಂಶೋಧಕರು ಅವರ ಬಾಯಿಂದ ಸರದಿ, ಬಿಡುವು, ನಿದ್ದೆ, ಬಡ್ತಿಗಳ ವಿವರವನ್ನು ಬೇಗ ಬರೆದಿಟ್ಟುಕೊಳ್ಳಬೇಕು.